ಸಾಲಿನಲ್ಲಿ ನಿಂತವರ ಪರವಾಗಿ ಒಂದು ಠರಾವು



ಆಯುಧ ಪೂಜೆಯ ದಿನ ನಮ್ಮ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯನವರು ಬಿಲ್ಲೇರುತ್ತಾರೆ. ‘ಸದ್ದಲೇ’ ಎಂಬ ಕೂಗು ಬಿದ್ದದ್ದೇ ತಡ, ಅಷ್ಟು ದೊಡ್ಡ ಜಾತ್ರೆ ಗಪ್ಪಾಗುತ್ತದೆ. ವರ್ಷದ ಭವಿಷ್ಯ ಹೇಳುವ ಕಾರಣಿಕದ ಒಂದು ನುಡಿ ಹೊರಬೀಳುತ್ತದೆ, ಮರುಗಳಿಗೆ ಗೊರವಯ್ಯನವರು ಮೇಲಿಂದ ಕೆಳಗೆ ಬೀಳುತ್ತಾರೆ, ಭಕ್ತರು ಎತ್ತಿ ಹಿಡಿಯುತ್ತಾರೆ. ಆಮೇಲೆ ಶುರುವಾಗುವುದು ಅರ್ಥ ಬಿಡಿಸುವವರ ಗದ್ದಲ. ಕುರ್ಚಿ ಯಾರಿಗೆ, ಹಿಂಗಾರಿ ಕೈಹಿಡಿಯುತ್ತದೋ ಇಲ್ಲವೋ, ಗೋವಿನಜೋಳಕ್ಕೆ ದರ ಎಷ್ಟು. ಟಿ.ವಿ.ಯವರಿಗೆ ಕುರ್ಚಿಯ ಅರ್ಥವೊಂದು ಸಿಕ್ಕರೆ ಸಾಕು, ರಾತ್ರಿಯೆಲ್ಲ ಅದನ್ನೇ ಅರೆಯುತ್ತಾರೆ. ಮಣಿಕಾಸುರ, ಮಲ್ಲಾಸುರರ ಜೊತೆ ಮಾಲತೇಶ ಮಾಡಿದ ಯುದ್ಧದ ನೆನಪಿನಲ್ಲೇ ಈ ಕಾರಣಿಕ ನಡೆಯುವುದು. ಆದರೂ ಯುದ್ಧದ ಬಗ್ಗೆ ನಾವು ಏನನ್ನೂ ಕೇಳುವುದಿಲ್ಲ. ಕೇಳಬೇಕಾದವರು ಮೊದಲು ನಾವೇ. ಯಾಕೆಂದು ಹೇಳುತ್ತೇನೆ.

2022ರ ಮಾರ್ಚ್ 1. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ, ವೈದ್ಯಕೀಯ ಓದಲು ಉಕ್ರೇನಿನ ಖಾರ್ಕಿವ್‌ಗೆ ಹೋದವನು, ಬಂಕರಿನಿಂದ ಹೊರಬಂದು ದಿನಸಿ ತರಲು ಅಂಗಡಿ ಮುಂದೆ ಸಾಲು ನಿಂತಿದ್ದ. ರಷ್ಯಾದ ದಾಳಿಗೆ ಬಲಿಯಾದ. ಇಪ್ಪತ್ತು ದಿನದ ಮೇಲೆ ಶವ ಊರಿಗೆ ಬಂತು. ಹೆತ್ತವರು ಪೂಜೆ ಮುಗಿಸಿ, ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಿದರು. ಮಗ ಓದಬೇಕಿದ್ದ ಪಾಠ ಬೇರೆಯವರ ಮಕ್ಕಳಾದರೂ ಓದಲಿ ಎಂದು. ಆ ಹುಡುಗನಿಗೆ ರಷ್ಯಾದ ಮೇಲೆ ಸಿಟ್ಟಿರಲಿಲ್ಲ, ನ್ಯಾಟೋ ಜೊತೆ ಗೆಳೆತನವಿರಲಿಲ್ಲ. ಹೊಟ್ಟೆ ಹಸಿದಿತ್ತು, ಅಷ್ಟೆ.

ಅದಕ್ಕೂ ಹದಿನಾಲ್ಕು ವರ್ಷ ಹಿಂದೆ, 2008ರ ಜೂನ್ 10ರಂದು, ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಕಾದು ಕಾದು ಸಾಕಾಗಿ ಬೀದಿಗಿಳಿದ ರೈತರ ಮೇಲೆ ನಮ್ಮದೇ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಗುಂಡು ಹಾರಿಸಿದವರು ರಷ್ಯಾದವರೂ ಅಲ್ಲ, ಅಮೆರಿಕದವರೂ ಅಲ್ಲ. ಬಿತ್ತನೆಯ ಹೊತ್ತಿಗೆ ಒಂದು ಚೀಲ ಗೊಬ್ಬರ ಕೇಳಿದ್ದಕ್ಕೆ ಆ ಶಿಕ್ಷೆ.

ಒಂದೇ ಜಿಲ್ಲೆ, ಎರಡು ಸಾಲು, ಮೂರು ಹೆಣ. ಇದನ್ನು ಕಂಡ ಮಂದಿ ನಾವು.

ಈಗ ಇನ್ನೂ ಹಿಂದಕ್ಕೆ ಹೋಗೋಣ. ಅರವತ್ತು ದಾಟಿದವರನ್ನು ಕೇಳಿ, ಕನ್ನಡ ಶಾಲೆಯ ಹಿಂದೆ ಕಲ್ಲೊಲೆಯ ಮೇಲೆ ಕುದಿಯುತ್ತಿದ್ದ ಹಳದಿ ಉಪ್ಪಿಟ್ಟಿನ ವಾಸನೆ ಅವರ ಮೂಗಿನಲ್ಲಿ ಇನ್ನೂ ಇದೆ. ‘ಕೇರ್’ ಸಂಸ್ಥೆಯ ಉಪ್ಪಿಟ್ಟು. ಜೊತೆಗೆ ಬಿಸಿನೀರಿನಲ್ಲಿ ಕದಡಿದ, ಗಂಟುಗಂಟಾದ ಹಾಲಿನ ಪುಡಿ. ಚೀಲದ ಮೇಲೆ ಎರಡು ಕೈ ಕುಲುಕುತ್ತಿರುವ ಚಿತ್ರ, ಮೇಲೆ ನಕ್ಷತ್ರ, ಕೆಳಗೆ ಪಟ್ಟೆ. ಖಾಲಿಯಾದ ಎಣ್ಣೆ ಡಬ್ಬಿಗೆ ಮಾಸ್ತರ ಮನೆಯಲ್ಲಿ ಜೋಳ ತುಂಬಿಡುವ ಕೆಲಸ. ತಟ್ಟೆ ಹಿಡಿದು ಸಾಲು ನಿಂತ ಹುಡುಗರಿಗೆ ಆ ಕೈ ಯಾರದು ಅಂತ ಗೊತ್ತಿರಲಿಲ್ಲ. ಆ ಅನ್ನವನ್ನು ನಾನು ಹೀಗಳೆಯುವುದಿಲ್ಲ. ಹೊಟ್ಟೆ ತುಂಬಿಸಿದ ಅನ್ನ ಅದು.

ಆ ಕೈ ಅಮೆರಿಕದ್ದು. ಎರಡನೇ ಮಹಾಯುದ್ಧ ಮುಗಿದಾಗ ಯುರೋಪು, ಜಪಾನು ಸುಟ್ಟು ಕರಕಲಾಗಿದ್ದವು. ಅಮೆರಿಕದ ಕಾರ್ಖಾನೆಗಳು ಮಾತ್ರ ಹಗಲಿರುಳು ಓಡುತ್ತಿದ್ದವು, ಅಲ್ಲಿನ ಕಣಜಗಳು ಉಕ್ಕುತ್ತಿದ್ದವು. ಆ ಯುದ್ಧ ನಡೆಸಿದ ಸೇನಾಪತಿ ಐಸೆನ್‌ಹೋವರ್ ಅಧ್ಯಕ್ಷರಾದರು. ತಯಾರಾಗುವ ಪ್ರತಿ ಬಂದೂಕೂ ಹಸಿದವರ ಬಾಯಿಂದ ಕದ್ದದ್ದು ಎಂಬರ್ಥದ ಮಾತನ್ನು 1953ರಲ್ಲಿ ಅವರೇ ಆಡಿದರು. ಮರುವರ್ಷ ಜುಲೈ 10ರಂದು ಪಿ.ಎಲ್. 480 ಕಾಯ್ದೆಗೆ ಸಹಿ ಹಾಕಿದರು. ಹೆಚ್ಚಾದ ಧಾನ್ಯವನ್ನು ಬಡ ದೇಶಗಳಿಗೆ ಅವರವರ ಹಣಕ್ಕೇ ಮಾರುವ ಕಾಯ್ದೆ ಅದು. ನಾವು ರೂಪಾಯಿಯಲ್ಲಿ ಕೊಟ್ಟೆವು. ಆ ರೂಪಾಯಿ ಇಲ್ಲೇ ಅಮೆರಿಕದ ಲೆಕ್ಕದಲ್ಲಿ ಗುಡ್ಡೆಬಿತ್ತು. ಕೊನೆಗೆ 1974ರಲ್ಲಿ ಅವರ ರಾಯಭಾರಿ ಮೊಯ್ನಿಹಾನ್ 1,664 ಕೋಟಿ ರೂಪಾಯಿಯ ಚೆಕ್ಕನ್ನು ಭಾರತಕ್ಕೆ ತಿರುಗಿಸಿ ಕೊಟ್ಟರು. ಲೆಕ್ಕ ಇಷ್ಟೇ ಆಗಿದ್ದರೆ ನಮಸ್ಕಾರ ಹೇಳಿ ಸುಮ್ಮನಾಗಬಹುದಿತ್ತು.

1965, 66: ಎರಡು ವರ್ಷ ಬೆನ್ನಿಗೆ ಬರ. ಪ್ರಧಾನಿ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿ ಎಂದರು, ದೇಶ ಬಿಟ್ಟಿತು. ಅಮೆರಿಕ ಆಗ ತನ್ನ ಗೋಧಿಯ ಐದರಲ್ಲಿ ಒಂದು ಪಾಲನ್ನು ನಮಗೇ ಕಳಿಸುತ್ತಿತ್ತು, ಕಳಿಸಿದ್ದು ಸುಳ್ಳಲ್ಲ. ಆದರೆ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಮ್ಮ ಮೇಜಿನ ಮೇಲಿಂದಲೇ ಬಿಡುತ್ತ, ತಡೆಯುತ್ತ ಕೂತರು. ವರ್ಷದ ಒಪ್ಪಂದ ಹೋಗಿ ತಿಂಗಳ ಲೆಕ್ಕ ಬಂತು. ‘ಗಿಡ್ಡ ಹಗ್ಗ’ದ ನೀತಿ ಎಂದೇ ಅದಕ್ಕೆ ಹೆಸರಾಯಿತು. ಕೃಷಿ ನೀತಿ ಬದಲಿಸಿರಿ ಎಂಬ ಒತ್ತಾಯ ಒಂದು ಕಡೆ. ವಿಯೆಟ್ನಾಂ ಮೇಲೆ ಬಾಂಬು ಹಾಕುವುದನ್ನು ಇಂದಿರಾ ಗಾಂಧಿ ಟೀಕಿಸಿದರೆಂಬ ಸಿಟ್ಟು ಇನ್ನೊಂದು ಕಡೆ. ದೊಡ್ಡವರ ಮಾತಿಗೆ ಎದುರಾಡಿದರೆ ಶಾಲೆಯ ಹುಡುಗನ ತಟ್ಟೆ ತಡವಾಗುತ್ತದೆ, ಅದು ಆ ಹಗ್ಗದ ಅರ್ಥ.

ನಮ್ಮದು ಕೇವಲ ಅವಮಾನ. ಬಾಂಗ್ಲಾದೇಶದ್ದು ಸಾವು. 1974ರಲ್ಲಿ ಅಲ್ಲಿ ನೆರೆ ಬಂದು ಬೆಳೆ ಹೋಯಿತು, ಕಾಳಸಂತೆಯವರು ಅಕ್ಕಿ ಅಡಗಿಸಿದರು. ಅದೇ ಹೊತ್ತಿಗೆ ಅಮೆರಿಕ ಒಂದು ತಕರಾರು ತೆಗೆಯಿತು: ನೀವು ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿದ್ದೀರಿ, ನಮ್ಮ ಕಾಯ್ದೆ ಪ್ರಕಾರ ನಿಮಗೆ ಧಾನ್ಯ ಇಲ್ಲ. ಬಾಂಗ್ಲಾ ಕೈಮುಗಿದು ಮಾರಾಟ ನಿಲ್ಲಿಸಿತು. ಧಾನ್ಯ ಬಂದು ಮುಟ್ಟುವಾಗ ಕ್ಷಾಮ ತನ್ನ ಕೆಲಸ ಮುಗಿಸಿತ್ತು. ಸತ್ತವರ ಸಂಖ್ಯೆ ಲಕ್ಷಗಳಲ್ಲಿದೆ ಎಂದು ಅನೇಕ ಸಂಶೋಧಕರ ಅಂದಾಜು. ಖಾಲಿ ಚೀಲ ಮಾರಿದ ತಪ್ಪಿಗೆ!

ಇಷ್ಟು ಹೇಳಿ ಅಮೆರಿಕವನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ನನಗೆ ಅದು ಬೇಡ. ಆ ದೇಶದೊಳಗೇ ಎದ್ದು ನಿಂತವರನ್ನು ನೋಡಿ. 1971ರ ಏಪ್ರಿಲ್ 6ರಂದು ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳ ಒಂದು ತಂತಿ ವಾಷಿಂಗ್ಟನ್‌ಗೆ ಹೋಯಿತು. ಪಾಕಿಸ್ತಾನದ ಸೈನ್ಯ ಇಲ್ಲಿ ಜನರನ್ನು ಕೊಲ್ಲುತ್ತಿದೆ, ನಮ್ಮ ಸರ್ಕಾರ ಬಾಯಿ ಮುಚ್ಚಿಕೊಂಡಿದೆ, ಇದು ನೈತಿಕ ದಿವಾಳಿತನ ಎಂಬುದು ಅದರ ಸಾರ. ಇಪ್ಪತ್ತು ಮಂದಿ ಸಹಿ ಹಾಕಿದ್ದರು. ಸಂಬಳ ಕೊಡುವ ಸರ್ಕಾರಕ್ಕೇ ಬರೆದ ಪತ್ರ! ಬ್ಲಡ್‌ರನ್ನು ಆ ಹುದ್ದೆಯಿಂದ ಕಿತ್ತರು. ಅಧ್ಯಕ್ಷ ನಿಕ್ಸನ್, ಅವರ ಸಲಹೆಗಾರ ಕಿಸಿಂಜರ್ ಜೋಡಿ ಕೊನೆಗೂ ಪಾಕಿಸ್ತಾನದ ಪರ ವಾಲಿ, ಡಿಸೆಂಬರಿನಲ್ಲಿ ಯುದ್ಧನೌಕೆಯನ್ನು ಬಂಗಾಳ ಕೊಲ್ಲಿಗೆ ಅಟ್ಟಿತು. ಅವರಿಬ್ಬರೂ ಬದಿಗೆಸೆದ ಆ ತಂತಿಯನ್ನು ಇವತ್ತು ಜಗತ್ತು ಓದುತ್ತಿದೆ.

ಅದಕ್ಕೂ ಮೊದಲು, 1967ರ ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ನಿಂತು ವಿಯೆಟ್ನಾಂ ಯುದ್ಧವನ್ನು ಖಂಡಿಸಿದರು. ಬಡವರಿಗೆಂದು ಎತ್ತಿಟ್ಟ ದುಡ್ಡನ್ನು ಈ ಯುದ್ಧ ನುಂಗುತ್ತಿದೆ ಎಂದರು. ದೊಡ್ಡ ಪತ್ರಿಕೆಗಳು ಹರಿಹಾಯ್ದವು, ತಮ್ಮವರೇ ಹಲವರು ದೂರ ಸರಿದರು, ಜಾನ್ಸನ್ ಬಾಗಿಲು ಮುಚ್ಚಿದರು. ಸರಿಯಾಗಿ ವರ್ಷ ತುಂಬಿದ ದಿನವೇ ಮೆಂಫಿಸ್‌ನಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಅಮೆರಿಕದಲ್ಲಿರುವ ನಮ್ಮ ಮಕ್ಕಳೇ, ಈ ಮಾತು ನಿಮಗೆ. ಹಾವೇರಿಯ ಹುಡುಗಿ ಡಲ್ಲಾಸಿನಲ್ಲಿ, ಬ್ಯಾಡಗಿಯ ಹುಡುಗ ನ್ಯೂಜೆರ್ಸಿಯಲ್ಲಿ ಮನೆ ಮಾಡಲು ಸಾಧ್ಯವಾದದ್ದು 1965ರ ಅಕ್ಟೋಬರ್ 3ರಂದು ಸಹಿಯಾದ ವಲಸೆ ಕಾಯ್ದೆಯಿಂದ. ಅದಕ್ಕೂ ಮುಂಚೆ ಭಾರತದ ಪಾಲಿಗೆ ಇದ್ದದ್ದು ವರ್ಷಕ್ಕೆ ನೂರೇ ಜಾಗ. ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಬಸ್ಸಿನಲ್ಲಿ ಸೀಟು ಕೇಳಿ, ಮತ ಕೇಳಿ, ಲಾಠಿ ತಿಂದು ಜೈಲಿಗೆ ಹೋದ ಕಪ್ಪು ಜನರ ಹೋರಾಟ ಆ ದೇಶದ ಮನಸ್ಸನ್ನು ಅಲುಗಿಸಿದ್ದರಿಂದ ತೆರೆಯಿತು. ನೀವು ಆ ಹೋರಾಟದ ಫಲ ಉಂಡವರು. ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನದಲ್ಲಿ ನಾಡಗೀತೆ ಹಾಡಿ ಹೋಳಿಗೆ ತಿಂದು ಬನ್ನಿ, ಬೇಡವೆನ್ನುವುದಿಲ್ಲ. ಆದರೆ ನಿಮ್ಮ ಕೈಯಲ್ಲಿ ಅಲ್ಲಿಯ ಓಟಿದೆ, ನಿಮ್ಮ ತೆರಿಗೆ ಅಲ್ಲಿಯ ಬಾಂಬಿನಲ್ಲೂ ಇದೆ. 2023ರ ಜುಲೈಯಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಸೋನಾ ಮಸೂರಿ ಚೀಲಕ್ಕೆ ನೀವೂ ಅಂಗಡಿ ಮುಂದೆ ಮುಗಿಬಿದ್ದಿರಲ್ಲ, ಆ ಒಂದು ದಿನದ ಗಾಬರಿ ನೆನೆಯಿರಿ. 2025ರಲ್ಲಿ ಗಾಜಾದಲ್ಲಿ ಹಿಟ್ಟಿಗಾಗಿ ಬಂದವರು ಸಾವಿರಕ್ಕೂ ಹೆಚ್ಚು ಮಂದಿ ಗುಂಡಿಗೆ ಬಲಿಯಾದರೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಹೇಳಿತು. ಅದೇ ವರ್ಷ ಜುಲೈ 1ಕ್ಕೆ ಕೈಕುಲುಕುವ ಚಿತ್ರದ ಯುಎಸ್‌ಎಯ್ಡ್ ಸಂಸ್ಥೆಯ ಬಾಗಿಲು ಮುಚ್ಚಿತು. ಹಸಿದ ಮಕ್ಕಳಿಗೆಂದು ಇಟ್ಟಿದ್ದ ಸುಮಾರು 500 ಟನ್ ಬಿಸ್ಕತ್ತು ದುಬೈನ ಗೋದಾಮಿನಲ್ಲೇ ಅವಧಿ ಮೀರಿತು, ಸುಡುವುದಕ್ಕೆ ಆದೇಶವಾಯಿತು. ನಿಮ್ಮ ಕಾಂಗ್ರೆಸ್ ಸದಸ್ಯರ ಕಚೇರಿಗೆ ಒಂದು ಫೋನು ಮಾಡಿ ಇದನ್ನು ಕೇಳಲು ಧೈರ್ಯ ಬೇಡವೇ?

ಇನ್ನು ನಮ್ಮ ಮನೆ. 2015ರಲ್ಲಿ ನೇಪಾಳಕ್ಕೆ ಹೋಗುವ ಪೆಟ್ರೋಲು, ಗ್ಯಾಸು, ಔಷಧ ಗಡಿಯಲ್ಲಿ ತಿಂಗಳುಗಟ್ಟಲೆ ನಿಂತವು. ಭಾರತವೇ ತಡೆಯಿತು ಎಂದರು ನೇಪಾಳಿಗಳು, ಇಲ್ಲ ಎಂದಿತು ದೆಹಲಿ. ಯಾರು ತಡೆದರು ಎಂದು ಹಾವೇರಿಯಲ್ಲಿ ಯಾರೂ ಕೇಳಲಿಲ್ಲ, ನಾನೂ ಸೇರಿ. ಯುದ್ಧ ಶುರುವಾದರೆ ನಮ್ಮ ಮೊಬೈಲುಗಳಲ್ಲಿ ನಡೆಯುವುದೇನು? ಕ್ರಿಕೆಟ್ ಸ್ಕೋರು ಹೇಳಿದಂತೆ ಎಷ್ಟು ಕಡೆ ಬಾಂಬು ಬಿತ್ತು ಎಂಬ ಲೆಕ್ಕ, ನಡುವೆ ನಗುವ ಇಮೋಜಿ. ಚಳಗೇರಿಯ ಪಕ್ಕದ ಊರುಗಳ ಗುಂಪುಗಳಲ್ಲೂ ಇದೇ ನಡೆಯುತ್ತದೆ. ನಾಚಿಕೆಯಾಗಬೇಕು ನಮಗೆ.

ದೂರದ ಜಗಳ ನಮಗೇಕೆ ಎನ್ನುವವರು 2025ರ ಆಗಸ್ಟ್ ನೆನಪಿಸಿಕೊಳ್ಳಲಿ. ರಷ್ಯಾದ ತೈಲ ಕೊಂಡಿರಿ ಎಂದು ಅಮೆರಿಕ ಭಾರತದ ಸರಕಿನ ಮೇಲೆ ಸುಂಕವನ್ನು ಶೇ 50ಕ್ಕೆ ಏರಿಸಿತು. ಅದೇ ತಿಂಗಳು ದೆಹಲಿ ಆಮದು ಹತ್ತಿಯ ಮೇಲಿದ್ದ ಶೇ 11ರ ಸುಂಕವನ್ನು ತೆಗೆಯಿತು, ವರ್ಷದ ಕೊನೆಯವರೆಗೂ. ಆಗ ರಾಣೆಬೆನ್ನೂರಿನ ಹೊಲದಲ್ಲಿ ಹತ್ತಿ ಕಾಯಿ ಕಟ್ಟುತ್ತಿತ್ತು.

ನಾನು ಕೇಳುವುದು ಇಷ್ಟು. ಗ್ರಾಮಸಭೆ ನಮ್ಮದು, ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂದು ಕಾಯ್ದೆಯೇ ಇದೆ. ಅಲ್ಲಿ ಮನೆ, ಚರಂಡಿ, ಜಾಬ್ ಕಾರ್ಡಿನ ಮಾತು ಮುಗಿದ ಮೇಲೆ ಒಂದು ಠರಾವು ಮಾಡಿ. ಅನ್ನ, ಗೊಬ್ಬರ, ಔಷಧವನ್ನು ಯಾವ ದೇಶವೂ ಯಾವ ದೇಶದ ಮೇಲೂ ಆಯುಧ ಮಾಡಬಾರದು, ನಮ್ಮ ದೇಶವೂ ಸೇರಿ. ಅದಕ್ಕಾಗಿ ಸಾಲು ನಿಂತವರ ಮೇಲೆ ಯಾವ ಸರ್ಕಾರವೂ ಗುಂಡು ಹಾರಿಸಬಾರದು, ನಮ್ಮ ಸರ್ಕಾರವೂ ಸೇರಿ. ಇಷ್ಟು ಬರೆದು, ಹೆಬ್ಬೆಟ್ಟಾದರೂ ಸರಿ, ಒತ್ತಿ ಸಂಸದರಿಗೆ ಕಳಿಸಿ. ದೇವರಗುಡ್ಡದ ಠರಾವನ್ನು ವಾಷಿಂಗ್ಟನ್‌ನಲ್ಲಿ ಯಾರು ಓದುತ್ತಾರೆ ಎಂದು ನಗುವವರು ಇದ್ದೇ ಇರುತ್ತಾರೆ. ನಗಲಿ. ಸಂಸದರು ಓಟು ಕೇಳಲು ನಮ್ಮ ಓಣಿಗೇ ಬರಬೇಕು, ಆಗ ಅದರ ನಕಲು ಕೈಗಿಟ್ಟು ಏನು ಮಾಡಿದಿರಿ ಎಂದು ಕೇಳೋಣ. ಚಳಗೇರಿಯವರು ಮೊದಲು ಮಾಡಿದರೆ ಉಳಿದ ಊರುಗಳಿಗೆ ಬಾಯಿ ಬರುತ್ತದೆ. ವಿಷಯ ಅಜೆಂಡಾದಲ್ಲಿ ಸೇರಬೇಕಾದರೆ ಮುಂಚಿತವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಬೇಕು. ಬಿಳಿ ಹಾಳೆ ಸಾಕು. ಸ್ವೀಕೃತಿ ಸಹಿ ತೆಗೆದುಕೊಳ್ಳುವುದನ್ನು ಮಾತ್ರ ಮರೆಯಬೇಡಿ.