‘ಒಂದೇ ಪಿಡಿಎಫ್‌ನಲ್ಲಿ ಪೂರ್ತಿ ಪೈಥಾನ್’: ಫಾರ್ವರ್ಡ್ ಮಾಡುವ ಮುನ್ನ ಅದರ ವಯಸ್ಸು ನೋಡಿ

‘ಇದೊಂದಿದ್ದರೆ ಸಾಕು, ವೆಬ್‌ಸೈಟ್ ಹುಡುಕುವ ಗೋಜೇ ಬೇಡ’ ಎಂಬ ಒಕ್ಕಣೆಯ ಪ್ರೋಗ್ರಾಮಿಂಗ್ ಪಿಡಿಎಫ್‌ಗಳು ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಮೊಬೈಲ್‌ನಲ್ಲೇ ಪೈಥಾನ್ ಕಲಿಯುವ ಹುಡುಗಿ ಅದರ ಸಾಲನ್ನು ಅಕ್ಷರ ಬಿಡದೆ ಟೈಪ್ ಮಾಡಿ, ಎರರ್ ಬಂದಾಗ ‘ನನಗೆ ಕೋಡಿಂಗ್ ಬರಲ್ಲ’ ಎಂದು ಕೈಚೆಲ್ಲಬಹುದು. ಎಷ್ಟೋ ಸಲ ತಪ್ಪು ಅವಳದ್ದಲ್ಲ, ಪಿಡಿಎಫ್‌ನ ವಯಸ್ಸಿನದು.

ಉದಾಹರಣೆಗೆ ‘ಪಾಂಡಾಸ್’ ನೋಡಿ. ಇದು ಕೋಷ್ಟಕಗಳನ್ನು ನಿಭಾಯಿಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ, ನಾವು ಬಳಸಬಹುದಾದ ಕೋಡ್. ಇದರಲ್ಲಿ ಕೋಷ್ಟಕಕ್ಕೆ ಸಾಲು ಸೇರಿಸಲು ‘ಅಪೆಂಡ್’ ಎಂಬ ಆಜ್ಞೆಯಿತ್ತು. 2022ರ ಜನವರಿಯಲ್ಲಿ ಬಂದ 1.4 ಆವೃತ್ತಿ ‘ಇದನ್ನು ಕೈಬಿಡಲಿದ್ದೇವೆ’ ಎಂದು ಎಚ್ಚರಿಸಿತು. 2023ರ ಏಪ್ರಿಲ್‌ನ 2.0 ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದರು. ಈಗ ‘ಕಾನ್‌ಕ್ಯಾಟ್’ ಬಳಸಬೇಕು. ಪೈಥಾನ್‌ನ ಸಾಮಾನ್ಯ ಲಿಸ್ಟ್‌ಗೆ ಮಾತ್ರ ‘ಅಪೆಂಡ್’ ಇಂದಿಗೂ ಇದೆ. ಗೊಂದಲ ಹೆಚ್ಚುವುದೇ ಇಲ್ಲಿ.

ಕೊಪ್ಪಳ ಜಿಲ್ಲೆಯವರಿಗೆ ಇದು ಹೊಸದೇನಲ್ಲ. ಹಳೆಯ ನಕ್ಷೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾಲ್ಕೇ ತಾಲ್ಲೂಕು. ಈಗ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳು. ನಕ್ಷೆ ಸುಳ್ಳು ಹೇಳುತ್ತಿಲ್ಲ, ಹಳೆಯದಾಗಿದೆ ಅಷ್ಟೆ. ಅದನ್ನೇ ನಂಬಿ ಕುಕನೂರಿನವರು ಯಲಬುರ್ಗಾದ ತಾಲ್ಲೂಕು ಕಚೇರಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು.

ಹಾಗಾದರೆ ಅಧಿಕೃತ ಕೈಪಿಡಿಯನ್ನೇ, ಅಂದರೆ ಡಾಕ್ಯುಮೆಂಟೇಶನ್ ಅನ್ನೇ ಓದಬಹುದಲ್ಲ? ಓದಬಹುದು, ಆದರೆ ಅಲ್ಲಿ ದಾರಿ ತಪ್ಪುವುದೂ ನಿಜ. ಇಂಗ್ಲಿಷ್ ಒಂದು ಕಾರಣ, ಅದೊಂದೇ ಅಲ್ಲ. ಕಂಪ್ಯೂಟರ್ ಪರದೆಯ ಎಡಕ್ಕೆ ಕಾಣುವ ವಿಷಯಪಟ್ಟಿ ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಮೂರು ಗೆರೆಗಳ ಗುಂಡಿಯ ಹಿಂದೆ ಅಡಗುತ್ತದೆ. ಗೂಗಲ್ ನಮ್ಮನ್ನು ಮುಖಪುಟಕ್ಕಲ್ಲ, ನಡುವಿನ ಯಾವುದೋ ಪುಟಕ್ಕೆ ಇಳಿಸುತ್ತದೆ. ಗಂಗಾವತಿ ಬಸ್ಸಿನಲ್ಲಿ ನಿದ್ದೆ ಹೋಗಿ ಬೋರ್ಡೇ ಇಲ್ಲದ ಸ್ಟಾಪಿನಲ್ಲಿ ಇಳಿದಂತೆ.

ಪುಟದ ಬಗೆಯೂ ಮುಖ್ಯ. ಡ್ಯಾನಿಯೆಲೆ ಪ್ರೊಚಿಡಾ ಅವರ ‘ಡಯಾಟಾಕ್ಸಿಸ್’ ಎಂಬ ವಿಧಾನ ಕೈಪಿಡಿಯ ಬರಹವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಪಾಠ, ಕೆಲಸದ ಮಾರ್ಗದರ್ಶಿ, ಆಕರ, ವಿವರಣೆ. ಪೈಥಾನ್ ತಾಣದಲ್ಲಿ ‘ಟ್ಯುಟೋರಿಯಲ್’ ಪಾಠವಾದರೆ ‘ಲೈಬ್ರರಿ ರೆಫರೆನ್ಸ್’ ನಿಘಂಟಿದ್ದಂತೆ. ನಿಘಂಟನ್ನು ‘ಅ’ದಿಂದ ಓದಿ ಯಾರೂ ಕನ್ನಡ ಕಲಿತಿಲ್ಲ. ಕಲಿಯಲು ಬಂದವರು ನಿಘಂಟಿನ ಪುಟಕ್ಕೆ ಬಿದ್ದರೆ ಬೆದರುವುದು ಸಹಜ.

ಸರ್ಚ್ ಪೆಟ್ಟಿಗೆ ಇಟ್ಟರೆ ಸಮಸ್ಯೆ ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ನಮಗೆ ಹಾಗನ್ನಿಸುವುದಿಲ್ಲ. ‘ಕಾನ್‌ಕ್ಯಾಟ್’ ಎಂಬ ಪದವೇ ಗೊತ್ತಿಲ್ಲದವರು ಅದನ್ನು ಹುಡುಕುವುದು ಹೇಗೆ? ಪ್ರತಿ ಪುಟದ ನೆತ್ತಿಯ ಮೇಲೆ ಆವೃತ್ತಿ, ವಿಭಾಗದ ಹೆಸರು ಇರಬೇಕು. ತೆಗೆದುಹಾಕಿದ ಆಜ್ಞೆಯ ಹಳೆಯ ಪುಟ ‘ಈಗ ಇಲ್ಲಿಗೆ ಹೋಗಿ’ ಎಂದು ದಾರಿ ತೋರಿಸಬೇಕು. ಪಿಡಿಎಫ್ ಆಗಿ ಕತ್ತರಿಸುವಾಗ ಮೊದಲು ಕಳೆದುಹೋಗುವುದೇ ಈ ಗುರುತುಗಳು.

ಓದುವವರು ವಿಳಾಸಪಟ್ಟಿಯನ್ನೂ ಗಮನಿಸಬಹುದು. ‘ಸ್ಟೇಬಲ್’ ಎಂದಿದ್ದರೆ ಬಿಡುಗಡೆಯಾದ ಆವೃತ್ತಿ. ‘ಲೇಟೆಸ್ಟ್’ ಎಂದರೆ ಇನ್ನೂ ಒಳ್ಳೆಯದು ಅನ್ನಿಸುತ್ತದೆ, ಅಲ್ಲವೇ? ‘ರೀಡ್ ದ ಡಾಕ್ಸ್’ ತಾಣದಲ್ಲಿ ಅದು ಸಾಮಾನ್ಯವಾಗಿ ಇನ್ನೂ ಸಿದ್ಧವಾಗುತ್ತಿರುವ ಆವೃತ್ತಿ. ಅಲ್ಲಿರುವುದು ನಿಮ್ಮ ಫೋನಿನಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಇರದಿರಬಹುದು.

ಗ್ರೂಪಿಗೆ ಕಳಿಸುವುದಾದರೆ ಪಿಡಿಎಫ್ ಬದಲು ಆ ಪುಟದ ಲಿಂಕ್ ಕಳಿಸಿ. ಪಿಡಿಎಫ್ಫೇ ಬೇಕೆಂದರೆ ಯಾವ ಲೈಬ್ರರಿ, ಯಾವ ಆವೃತ್ತಿ, ಯಾವ ವರ್ಷದ್ದು ಎಂದು ಮೇಲೊಂದು ಸಾಲು ಬರೆಯಿರಿ.