ಕೇಳಿಸಿಕೊಂಡಿದ್ದಕ್ಕೆ ಸಾಕ್ಷಿ ಎಲ್ಲಿ?

ಮಾರಿಕಣಿವೆಯ ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಒಂದೇ ನೀರು ಎರಡು ತಾಲ್ಲೂಕಿಗೆ ಎರಡು ಬಗೆಯ ಸುದ್ದಿ ತಂದಿತು. 1907ರಲ್ಲಿ ಕಟ್ಟಿ ಮುಗಿದ ಈ ಅಣೆಕಟ್ಟೆ ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. 89 ವರ್ಷದ ಮೇಲೆ ಬಂದ ಈ ಭಾಗ್ಯಕ್ಕೆ ಹಿರಿಯೂರು ಸಂಭ್ರಮಿಸಿತು. ಹಿನ್ನೀರಿನ ಕಡೆ, ಹೊಸದುರ್ಗ ತಾಲ್ಲೂಕಿನಲ್ಲಿ, ತೋಟಗಳಿಗೆ ನೀರು ನುಗ್ಗಿತು. ಕೋಡಿಯ ಎತ್ತರ ತಗ್ಗಿಸಿ ಎಂಬ ಬೇಡಿಕೆ ಇತ್ತಲಿಂದ ಎದ್ದರೆ, ತಗ್ಗಿಸಲು ಬಿಡುವುದಿಲ್ಲ ಎಂಬ ವಿರೋಧ ಅತ್ತಲಿಂದ ಬಂತು. 2025ರ ಜನವರಿಯಲ್ಲಿ ಜಲಾಶಯ ಮತ್ತೆ ತುಂಬಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈ ಅಣೆಕಟ್ಟೆ ತುಂಬಿಸುವ ವೇದಾವತಿಗೆ ಸೇರತೊಡಗಿದ ಮೇಲೆ ಇದು ತಲೆಮಾರಿಗೊಮ್ಮೆ ಬರುವ ಪ್ರಶ್ನೆಯಾಗಿ ಉಳಿದಿಲ್ಲ. ಇಂಥ ಜಗಳದಲ್ಲಿ ಮಾತಿಗೆ ಬರವಿರುವುದಿಲ್ಲ. ಎದುರಿನವರು ಏನು ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವ ವ್ಯವಸ್ಥೆಗೇ ಬರ.

ಎರಡೂ ಕಡೆಯ ಘೋಷಣೆಯನ್ನು ಬದಿಗಿಟ್ಟು ಕಾರಣವನ್ನು ನೋಡಿ. ಹಿರಿಯೂರಿನ ರೈತ ಬರಗಾಲದಲ್ಲಿ ಅಣೆಕಟ್ಟೆ ತಳ ಕಂಡದ್ದನ್ನೂ ತೆಂಗು ಒಣಗಿದ್ದನ್ನೂ ನೋಡಿದವನು. ಒಂದಡಿ ನೀರು ಕೈಬಿಟ್ಟರೂ ಮುಂದಿನ ಬರಕ್ಕೆ ಏನು ಗತಿ ಎಂಬ ಭಯ ಅವನದು. ಹೊಸದುರ್ಗದ ಹಿನ್ನೀರಿನ ರೈತನಿಗೆ ಕೋಡಿಯ ಅಳತೆಗಿಂತ ದೊಡ್ಡದು ಮುಳುಗಿದ ಅಡಿಕೆ, ಕಡಿದುಹೋದ ದಾರಿ, ಪರಿಹಾರದ ಪ್ರಶ್ನೆ. ಘೋಷಣೆಯಾಗಿ ಕೇಳಿದರೆ ಇವೆರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ಕಾರಣವಾಗಿ ಕೇಳಿದರೆ ಪರಿಹಾರ, ಬದಲಿ ರಸ್ತೆ, ಮಳೆಗಾಲದಲ್ಲಿ ಮುಂಚಿತವಾಗಿ ನೀರು ಬಿಡುವ ವೇಳಾಪಟ್ಟಿ ಎಂಬಂಥ ನಾಲ್ಕಾರು ದಾರಿಗಳು ಕಾಣುತ್ತವೆ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್, ರಿಚರ್ಡ್ ಫಾರ್ಸನ್ ಜೊತೆ 1957ರಲ್ಲಿ ಬರೆದ ಕಿರುಪುಸ್ತಕದಲ್ಲಿ ಸಕ್ರಿಯ ಆಲಿಸುವಿಕೆಗೆ ಕೊಟ್ಟ ಪರೀಕ್ಷೆ ಬಹಳ ಸರಳ: ಎದುರಿನವರ ಮಾತನ್ನು ನಾವು ತಿರುಗಿ ಹೇಳಬೇಕು, ಹೌದು, ನಾನು ಹೇಳಿದ್ದು ಅದೇ ಎಂದು ಅವರು ಒಪ್ಪಬೇಕು. ಸುಮ್ಮನೆ ಕೂತು ತಲೆಯಾಡಿಸಿದವರೆಲ್ಲ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಹೀಗೆ ಕೇಳಿಸಿಕೊಳ್ಳಲು ಸಮಯ ಎಲ್ಲಿದೆ ಎಂಬುದು ಮೊದಲ ಆಕ್ಷೇಪ. ತಾಲ್ಲೂಕು ಕಚೇರಿಯ ಮುಂದಿನ ಸಾಲು, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ನೂಕುನುಗ್ಗಲು ನೋಡಿದವರಿಗೆ ಈ ಆಕ್ಷೇಪ ಹಗುರವಾಗಿ ತೋರದು. ಆದರೆ ಈ ಬಗ್ಗೆ ಅಳೆದು ನೋಡಿದ ಪುರಾವೆ ವೈದ್ಯರಿಂದಲೇ ಸಿಗುತ್ತದೆ. 1984ರಲ್ಲಿ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಎಂಬ ಅಮೆರಿಕದ ಸಂಶೋಧಕರು 74 ರೋಗಿ ಭೇಟಿಗಳನ್ನು ಪರಿಶೀಲಿಸಿದರು. ವೈದ್ಯರು ಸರಾಸರಿ 18 ಸೆಕೆಂಡಿಗೇ ರೋಗಿಯ ಮಾತಿಗೆ ಅಡ್ಡ ಬರುತ್ತಿದ್ದರು. ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾನೆ? 2002ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಯನವೊಂದು 335 ರೋಗಿಗಳ ಮಾತಿನ ಲೆಕ್ಕ ಇಟ್ಟಿತು. ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ತಾವಾಗಿಯೇ ಮಾತು ಮುಗಿಸಿದ್ದರು. ಅಲ್ಲಿನ ಆಸ್ಪತ್ರೆಯ ನೆಮ್ಮದಿ ನಮ್ಮಲ್ಲಿಲ್ಲ, ನಿಜ. ಹಾಗಿದ್ದರೂ ಜನ ಬಾಯಿ ತೆರೆದರೆ ನಿಲ್ಲಿಸುವುದಿಲ್ಲ ಎಂಬ ನಮ್ಮ ಭಯಕ್ಕೆ ಆಧಾರ ಕಡಿಮೆ ಎಂಬುದನ್ನು ಈ ಅಂಕಿ ಹೇಳುತ್ತದೆ. ಅರ್ಧ ಕೇಳಿ ನಾವು ಕಳಿಸಿದ ಜನ ಅದೇ ಅರ್ಜಿ ಹಿಡಿದು ಮತ್ತೆ ಮತ್ತೆ ಬರುತ್ತಾರೆ. ಆ ಹೊತ್ತು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಕೇಳಿಸಿಕೊಳ್ಳುವುದಕ್ಕೆಂದೇ ಕಾನೂನು ಕಟ್ಟಿಕೊಟ್ಟ ಜಾಗವೊಂದು ನಮ್ಮಲ್ಲಿದೆ: ಗ್ರಾಮಸಭೆ. ಸಂವಿಧಾನದ 73ನೇ ತಿದ್ದುಪಡಿಯ ಬೆನ್ನಿಗೇ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸಭೆ ಸೇರುತ್ತದೆ, ನಡಾವಳಿ ಪುಸ್ತಕಕ್ಕೆ ಸಹಿ ಬೀಳುತ್ತದೆ. ಆದರೆ ಯಾರ ಮಾತಿಗೆ ಉತ್ತರ ಸಿಕ್ಕಿತು? ತಮಿಳುನಾಡಿನ ಗ್ರಾಮಸಭೆಗಳಲ್ಲಿ ಆಡಿದ ಮಾತುಗಳನ್ನೇ ದಾಖಲಿಸಿ ರಮ್ಯಾ ಪಾರ್ಥಸಾರಥಿ, ವಿಜಯೇಂದ್ರ ರಾವ್ ಮತ್ತು ನೇತ್ರಾ ಪಳನಿಸ್ವಾಮಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹುಡುಕಿತು. ಹೆಂಗಸರು ಮಾತಾಡುವುದು ಕಡಿಮೆ. ಮಾತಾಡಿದರೂ ಅವರು ಎತ್ತಿದ ವಿಷಯಕ್ಕೆ ಸರಿಯಾದ ಉತ್ತರ ಅಧಿಕಾರಿಗಳಿಂದ ಬರುವುದು ಇನ್ನೂ ಕಡಿಮೆ. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳಲ್ಲಿ ಉತ್ತರ ಸಿಗುವುದರಲ್ಲಿನ ಈ ಅಂತರ ತಗ್ಗುವುದು ಕಂಡಿತು. ಅಂದರೆ ಆಲಿಸುವುದು ಒಬ್ಬೊಬ್ಬರ ಸ್ವಭಾವಕ್ಕೆ ಬಿಟ್ಟ ಗುಣವಲ್ಲ. ಕುರ್ಚಿಯಲ್ಲಿ ಯಾರಿದ್ದಾರೆ, ಸಭೆಯ ನಿಯಮ ಏನು ಎಂಬುದರ ಮೇಲೆ ಅದು ಬದಲಾಗುತ್ತದೆ. ನಿಯಮದಿಂದ ಬದಲಾಗುವುದನ್ನು ನಿಯಮದಿಂದ ಸರಿಪಡಿಸಲೂ ಬಹುದು.

ನಮ್ಮ ಕಡೆ ದೊಡ್ಡವರಿಗೆ ಎದುರಾಡುವ ಪದ್ಧತಿ ಇಲ್ಲ, ಪ್ರಶ್ನೋತ್ತರ ಪರದೇಶದ ಸರಕು ಎನ್ನುವವರೂ ಇದ್ದಾರೆ. ಅವರು ಹೊಸದುರ್ಗ ತಾಲ್ಲೂಕನ್ನೇ ಸುತ್ತಿ ಬರಲಿ. ಹಾಲುರಾಮೇಶ್ವರದ ಗಂಗೆಯ ಕೊಳದ ಮುಂದೆ ಜನ ತಮ್ಮ ಕಷ್ಟ ಹೇಳಿಕೊಂಡು, ನೀರಿನಿಂದ ಮೇಲೆ ಬರುವ ಪ್ರಸಾದಕ್ಕೆ ಕಾದು ನಿಲ್ಲುತ್ತಾರೆ. ನಂಬಿಕೆ ಅವರವರದು. ಆದರೆ ಬೇಡಿದವರಿಗೆ ಉತ್ತರವೊಂದು ಸಿಗಲೇಬೇಕು ಎಂಬ ನಿರೀಕ್ಷೆ ಈ ನೆಲದಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದಕ್ಕೆ ಅದು ಗುರುತು. ಇದೇ ತಾಲ್ಲೂಕಿನ ಸಾಣೇಹಳ್ಳಿಯ ಮಠ 2019ರಲ್ಲಿ ನಡೆಸಿದ ‘ಮತ್ತೆ ಕಲ್ಯಾಣ’ ಅಭಿಯಾನದಲ್ಲಿ ವಿದ್ಯಾರ್ಥಿಗಳು ಸ್ವಾಮೀಜಿಯನ್ನೇ ಪ್ರಶ್ನೆ ಕೇಳುವ ಸಂವಾದ ಕಾರ್ಯಕ್ರಮದ ಭಾಗವಾಗಿತ್ತು. ಪೀಠದಲ್ಲಿ ಕೂತವರನ್ನು ಹುಡುಗರು ಪ್ರಶ್ನಿಸಬಹುದಾದರೆ, ಪಿಡಿಒ ಅಥವಾ ತಹಶೀಲ್ದಾರರನ್ನು ಪ್ರಶ್ನಿಸುವುದು ಅವಿಧೇಯತೆ ಹೇಗಾದೀತು?

ಮನೆಯಲ್ಲೂ ಕಚೇರಿಯಲ್ಲೂ ಕೇಳಿಸಿಕೊಳ್ಳುವ ಹೊರೆ ಬೀಳಬೇಕಾದ್ದು ಬಲವಿದ್ದವರ ಮೇಲೆಯೇ. ಬೆಂಗಳೂರಿನ ಕೆಲಸ ಬಿಟ್ಟು ಬರುತ್ತೇನೆ ಎಂದ ಮಗನಿಗೆ ಅಪ್ಪ ಅರ್ಧ ಮಾತಿಗೇ ಬುದ್ಧಿ ಹೇಳಬಲ್ಲ. ಮಗ ಅಪ್ಪನ ಮಾತು ತುಂಡರಿಸುವುದು ಸುಲಭವಲ್ಲ. ಸಭೆಯಲ್ಲಿ ಮೇಲಧಿಕಾರಿ ಮೊದಲು ತೀರ್ಮಾನ ಹೇಳಿ ಆಮೇಲೆ ಅಭಿಪ್ರಾಯ ಕೇಳಿದರೆ ಬರುವುದು ಹೌದು ಸಾರ್ ಒಂದೇ. ಹಾಗಾಗಿ ಕಿರಿಯರಿಗೆ ಮಾತಿನ ಕಲೆ ಕಲಿಸುವ ತರಬೇತಿಗಳಿಗಿಂತ ಹಿರಿಯರು ಕೊನೆಯಲ್ಲಿ ಮಾತಾಡುವ ಒಂದು ಕಟ್ಟಳೆ ಹೆಚ್ಚು ಕೆಲಸ ಮಾಡುತ್ತದೆ. ಖರ್ಚೂ ಇಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ. ಕೇಳಿಸಿಕೊಳ್ಳುವುದು ಕೆಲಸ ಮಾಡದಿರುವುದಕ್ಕೆ ಸಿಗುವ ಸಭ್ಯ ನೆಪವಾಗಬಹುದು. ಜನಸ್ಪಂದನ ಸಭೆಯ ಟೇಬಲ್ಲಿನ ಮೇಲೆ ಅರ್ಜಿಗಳ ಗುಡ್ಡೆ ಬೀಳುತ್ತದೆ, ಫೋಟೊ ಬರುತ್ತದೆ, ಪರಿಶೀಲಿಸಲಾಗುವುದು ಎಂಬ ಮಾತೂ ಬರುತ್ತದೆ. ನೀರಿನಂಥ ವಿಷಯದಲ್ಲಿ ಎಷ್ಟು ಆಲಿಸಿದರೂ ಹಿತಾಸಕ್ತಿಯ ಘರ್ಷಣೆ ಕರಗಿಹೋಗುವುದಿಲ್ಲ, ಯಾರಿಗಾದರೂ ಇಲ್ಲ ಎನ್ನಲೇಬೇಕಾಗುತ್ತದೆ. ಈ ಮಾತು ಸರಿ. ಅದಕ್ಕೇ ಆಲಿಸುವಿಕೆಯನ್ನು ಸಹಾನುಭೂತಿಯ ಮುಖಭಾವದಿಂದ ಅಳೆಯಬಾರದು, ಕಾಗದದಿಂದ ಅಳೆಯಬೇಕು. ಅರ್ಜಿಗೆ ಕೊಡುವ ಹಿಂಬರಹದಲ್ಲಿ ಅರ್ಜಿದಾರರ ದೂರು ಅವರು ಒಪ್ಪುವ ಹಾಗೆ ಎರಡು ಸಾಲಿನಲ್ಲಿರಬೇಕು. ಆಗುವುದಾದರೆ ಯಾವ ದಿನದೊಳಗೆ, ಆಗದಿದ್ದರೆ ಯಾವ ಕಾರಣಕ್ಕೆ ಎಂದು ಬರೆದಿರಬೇಕು. ಕಾರಣ ಸಹಿತವಾದ ನಿರಾಕರಣೆಯನ್ನು ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು. ನಯವಾದ ಮೌನವನ್ನು ಪ್ರಶ್ನಿಸುವುದು ಅಷ್ಟು ಸುಲಭವಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಪ್ರತಿ ಗ್ರಾಮಸಭೆ ಹಿಂದಿನ ಸಭೆಯಲ್ಲಿ ಯಾರು ಏನು ಕೇಳಿದ್ದರು, ಅದು ಏನಾಯಿತು ಎಂಬುದನ್ನು ಓದಿಯೇ ಆರಂಭವಾಗಲಿ; ಮೊದಲ ಅರ್ಧ ಗಂಟೆ ಹೆಂಗಸರಿಗೆ ಮೀಸಲಿರಲಿ. ವಾಣಿವಿಲಾಸ ಸಾಗರದ ವಿಷಯದಲ್ಲಿ ಜಿಲ್ಲಾಡಳಿತ ಮುಂದಿನ ಮುಂಗಾರಿಗೆ ಮುನ್ನವೇ ಎರಡೂ ತಾಲ್ಲೂಕಿನ ರೈತರನ್ನು ಒಂದೇ ಸಭೆಯಲ್ಲಿ ಕೂರಿಸಲಿ. ಹಿರಿಯೂರಿನವರು ಹೊಸದುರ್ಗದವರ ಕಷ್ಟವನ್ನು, ಹೊಸದುರ್ಗದವರು ಹಿರಿಯೂರಿನವರ ಭಯವನ್ನು ತಿರುಗಿ ಹೇಳಲಿ. ಎದುರಿನವರು ಹೌದು ಎಂದ ಮೇಲೆಯೇ ತಮ್ಮ ಬೇಡಿಕೆಗೆ ಬರಲಿ. ಒಮ್ಮತ ಮೂಡದಿರಬಹುದು. ಆದರೆ ಉಳಿದ ಭಿನ್ನಾಭಿಪ್ರಾಯ ಎಷ್ಟು ಅಡಿಯದು, ಎಷ್ಟು ಎಕರೆಯದು, ಎಷ್ಟು ರೂಪಾಯಿಯದು ಎಂದು ಎರಡೂ ಕಡೆಯವರಿಗೆ ತಿಳಿದಿರುತ್ತದೆ. ಸರ್ಕಾರ ತೀರ್ಮಾನ ಕೊಡಬೇಕಾದ್ದು ಅದರ ಮೇಲೆ. ಯಾರ ಕೂಗು ಜೋರಾಗಿತ್ತು ಎಂಬುದರ ಮೇಲಲ್ಲ.