ಪಿತ್ರಾರ್ಜಿತ ಪಿಕಪ್ ವಾಹನವೂ ಗೃಹಸ್ಥನ ಮಿತಿಯೂ

ಮನೆಯ ಹಿರಿಯರು ಕಾಲವಾದ ಮೇಲೆ ಹೊಲ, ಅಂಗಡಿ, ಬಂಗಾರ, ಬ್ಯಾಂಕಿನ ಠೇವಣಿ ಇವೆಲ್ಲವುಗಳ ಪಾಲುಪಟ್ಟಿಯನ್ನು ಬಹು ಎಚ್ಚರಿಕೆಯಿಂದ ಬರೆಯುವ ನಮ್ಮ ಕುಟುಂಬಗಳು ಒಂದು ವಸ್ತುವನ್ನು ಮಾತ್ರ ಪಟ್ಟಿಯ ಹೊರಗೆ ಬಿಡುತ್ತವೆ. ಅದು ಆ ಹೊಲ, ಅಂಗಡಿ, ಬಂಗಾರಗಳನ್ನು ಗಳಿಸಲು ಹಿರಿಯರಿಗೆ ನೆರವಾದ ಪಿಕಪ್ ವಾಹನ. ಕಲಬುರಗಿಯ ಹುಮನಾಬಾದ್ ರಸ್ತೆಯಲ್ಲಿರುವ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಮಿಲ್ಲುಗಳ ಹಿಂಬದಿಯ ಅಂಗಳಗಳನ್ನು ಒಮ್ಮೆ ನೋಡಿ ಬನ್ನಿರಿ. ಗಾಳಿಯಿಳಿದ ಟೈರುಗಳ ಮೇಲೆ ಕುಸಿದು ಕುಳಿತ ಹಳೆಯ ಮೆಟಡಾರ್, ಬಣ್ಣ ಮಾಸಿದ ಟಾಟಾಮೊಬೈಲ್ ನಿಮ್ಮ ಕಣ್ಣಿಗೆ ಬೀಳದೆ ಇರಲಾರವು. ಮಾರಲು ಮನಸ್ಸಿಲ್ಲ, ಓಡಿಸಲು ಬಿಡುವಿಲ್ಲ, ಯಾರ ಹೆಸರಿನಲ್ಲಿದೆ ಎಂಬುದು ಮಕ್ಕಳಿಗೆ ಗೊತ್ತಿಲ್ಲ.

ಈ ವಿಷಯದಲ್ಲಿ ನನ್ನ ನಿಲುವನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಪಿತ್ರಾರ್ಜಿತ ವಾಹನವನ್ನು ಉಳಿಸಿಕೊಳ್ಳುವ ಧರ್ಮಸಮ್ಮತವಾದ ಮಾರ್ಗ ಒಂದೇ: ಅದನ್ನು ಮಿತಿಯೊಳಗೆ ದುಡಿಸುವುದು. ದುಡಿಸಲು ಸಾಧ್ಯವಾಗದಿದ್ದರೆ ವಿಧಿವತ್ತಾಗಿ ಬಿಟ್ಟುಕೊಡಬೇಕು. ನಿಲ್ಲಿಸಿ ಮರೆಯುವುದು ಎಲ್ಲಕ್ಕಿಂತ ಕೆಟ್ಟದ್ದು.

ಮೊದಲಿಗೆ ಈ ವಾಹನಗಳು ನಮಗೆ ಮಾಡಿದ ಉಪಕಾರವನ್ನು ನೆನೆಯೋಣ. ಪುಣೆಯ ಬಜಾಜ್ ಟೆಂಪೋ ಕಂಪನಿಯು ಮೆಟಡಾರ್ ವಾಹನವನ್ನು 1969ರಲ್ಲಿ ತಂದಿತು. ಆ ಕಂಪನಿಯನ್ನು ಕಟ್ಟಿದ ನವಲಮಲ್ ಫಿರೋದಿಯಾ ಅವರು ನಮ್ಮ ಸಮಾಜದವರೇ. ಟಾಟಾ ಕಂಪನಿಯ 407 ಎಂಬ ಚಿಕ್ಕ ಲಾರಿ 1986ರಲ್ಲಿಯೂ, ಟಾಟಾಮೊಬೈಲ್ ಪಿಕಪ್ 1988ರಲ್ಲಿಯೂ ಬಂದವು. ಅದಕ್ಕೆ ಮುಂಚೆ ಸಣ್ಣ ವರ್ತಕನ ಹತ್ತಿಪ್ಪತ್ತು ಚೀಲ ತೊಗರಿಯು ಹಳ್ಳಿಯಿಂದ ಗಂಜಿಗೆ ಬರಬೇಕಾದರೆ ಬಹುಮಟ್ಟಿಗೆ ಎತ್ತಿನ ಬಂಡಿಯೇ ಗತಿ. ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿ ಹೂತಾಗ ಎತ್ತುಗಳು ಪಟ್ಟ ಪಾಡನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಪ್ರಾಣಿಯ ಮೇಲೆ ಅತಿಭಾರ ಹೇರುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಆ ಅತಿಚಾರದಿಂದ ನಮ್ಮ ಹಿರಿಯರನ್ನು ಪಾರುಮಾಡಿದ್ದು ಈ ಪಿಕಪ್ ವಾಹನ. ಅದಕ್ಕೆ ಕೃತಜ್ಞತೆ ತೋರುವುದು ಮೂಢ ಮೋಹವೆಂದು ನಾನು ಒಪ್ಪಲಾರೆ.

ಇನ್ನು ಪ್ರತಿಪಕ್ಷದವರ ವಾದಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯವರು ನಮ್ಮ ತರುಣರು. ಹದಿನೈದು ವರ್ಷ ತುಂಬಿದ ವಾಹನವನ್ನು ಇಟ್ಟುಕೊಳ್ಳುವುದೇ ಕಾನೂನುಬಾಹಿರ, ಆದ್ದರಿಂದ ಗುಜರಿಗೆ ಹಾಕಿಬಿಡಬೇಕು ಎಂದು ಇವರು ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ದೆಹಲಿ ರಾಜಧಾನಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿಯು ಹಾಕಿದ, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ನಿರ್ಬಂಧದ ಸುದ್ದಿಯನ್ನು ಓದಿ, ಅದನ್ನು ಕಲಬುರಗಿಗೆ ಅನ್ವಯಿಸುವವರು ಇವರು. 2021ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಗುಜರಿ ನೀತಿಯು ಖಾಸಗಿಯವರ ವಾಹನಗಳ ಮಟ್ಟಿಗೆ ಯೋಗ್ಯತಾ ಪರೀಕ್ಷೆಯನ್ನು ಆಧರಿಸಿದೆ. ವಯಸ್ಸಿನ ಕಾರಣದಿಂದಲೇ ನೋಂದಣಿ ರದ್ದಾಗುವ ನಿಯಮ 2023ರ ಏಪ್ರಿಲ್ 1ರಿಂದ ಬಂದದ್ದು ಸರ್ಕಾರಿ ವಾಹನಗಳಿಗೆ. ಸರಕು ವಾಹನಕ್ಕೆ ಎಂಟು ವರ್ಷಗಳ ನಂತರ ಪ್ರತಿವರ್ಷ ಯೋಗ್ಯತಾ ಪ್ರಮಾಣಪತ್ರ ಬೇಕು. ಹದಿನೈದು ವರ್ಷ ಮೀರಿದ ವಾಹನಗಳಿಗೆ ಇದರ ಶುಲ್ಕವು 2022ರ ಏಪ್ರಿಲ್‌ನಿಂದ ಬಹಳ ಹೆಚ್ಚಾಗಿದೆ ಎಂಬುದೂ ನಿಜ. ಆದರೆ ಶುಲ್ಕ ಹೆಚ್ಚಾದುದು ಬೇರೆ, ನಿಷೇಧವಾದುದು ಬೇರೆ. ಪರೀಕ್ಷೆಯಲ್ಲಿ ಪಾಸಾದ ವಾಹನವನ್ನು ಓಡಿಸಲು ನಾಚಬೇಕಾದ ಕಾರಣವಿಲ್ಲ.

ಇವರೇ ಲೆಕ್ಕದ ಪುಸ್ತಕವನ್ನೂ ಮುಂದಿಡುತ್ತಾರೆ. ವಾಹನದ ಮೌಲ್ಯ ಖಾತೆಯಲ್ಲಿ ಏನೂ ಉಳಿದಿಲ್ಲ ಎನ್ನುತ್ತಾರೆ. ವಾಣಿಜ್ಯ ಪದವಿಯ ತರಗತಿಯಲ್ಲಿ ಕಲಿತ ಪಾಠವನ್ನು ಇವರಿಗೆ ನೆನಪಿಸಬೇಕಾಗಿದೆ. ಇಳಿಕೆ ಶೇಷ ಪದ್ಧತಿಯಲ್ಲಿ ವರ್ಷಕ್ಕೆ ಶೇಕಡಾ 15ರಂತೆ ಸವಕಳಿ ಕಳೆಯುತ್ತ ಹೋದರೆ, ಒಂದು ಲಕ್ಷ ರೂಪಾಯಿಯ ವಾಹನವು 20 ವರ್ಷಗಳ ಕೊನೆಗೆ ಸುಮಾರು 3,876 ರೂಪಾಯಿಗೂ, 30 ವರ್ಷಗಳ ಕೊನೆಗೆ ಸುಮಾರು 763 ರೂಪಾಯಿಗೂ ಇಳಿಯುತ್ತದೆ. ಎಷ್ಟು ವರ್ಷ ಕಳೆದರೂ ಸೊನ್ನೆಯಾಗುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಆ 763 ರೂಪಾಯಿಯ ವಾಹನ ಈ ಸೋಮವಾರವೂ ಐದು ಚೀಲ ಬೇಳೆಯನ್ನು ಹೊತ್ತು ತರಬಲ್ಲದು. ಖಾತೆಯ ಮೌಲ್ಯ ಆದಾಯ ತೆರಿಗೆಗಾಗಿ ಇರುವಂಥದು. ವಸ್ತುವಿನ ಉಪಯುಕ್ತತೆಯನ್ನು ಅದರಿಂದ ಅಳೆಯುವುದು ವರ್ತಕನ ಜಾಣತನವಲ್ಲ.

ಹೊಗೆಯ ವಾದಕ್ಕೆ ಮಾತ್ರ ನಾನು ಗೌರವ ಕೊಡುತ್ತೇನೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ಹೊಸ ಎಂಜಿನ್ನಿನ ಮುಂದೆ ಮೂವತ್ತು ವರ್ಷದ ಡೀಸೆಲ್ ಎಂಜಿನ್ನು ಕಿಲೋಮೀಟರಿಗೆ ಬಹಳ ಹೆಚ್ಚು ಹೊಗೆ ಉಗುಳುತ್ತದೆ. ಇದನ್ನು ಅಲ್ಲಗಳೆಯಲಾಗದು. ಆದುದರಿಂದಲೇ ದಿನಕ್ಕೆ ನೂರಾರು ಕಿಲೋಮೀಟರು ಓಡಬೇಕಾದ ಕೆಲಸಕ್ಕೆ ಹಳೆಯ ವಾಹನವನ್ನು ಹೂಡಕೂಡದು. ವಾರಕ್ಕೊಂದೆರಡು ಸಲ ಓಡುವ ಕೆಲಸದ ಲೆಕ್ಕ ಬೇರೆ. ಅಷ್ಟು ಕೆಲಸಕ್ಕಾಗಿ ಹೊಸ ವಾಹನ ಕೊಂಡರೆ ಅದರ ಉಕ್ಕಿಗಾಗಿ ಅಗೆದ ಗಣಿ, ಉರಿಸಿದ ಕಲ್ಲಿದ್ದಲು, ಸುರಿದ ನೀರು ಇವೆಲ್ಲ ನಮ್ಮ ಖಾತೆಗೇ ಬರುತ್ತವೆ. ಹೊಸ ಆರಂಭದ ಹಿಂಸೆಯನ್ನು ಲೆಕ್ಕಕ್ಕೆ ಹಿಡಿಯದೆ ಹಳೆಯದರ ಹೊಗೆಯನ್ನು ಮಾತ್ರ ಎಣಿಸುವುದು ಒಂದೇ ಬದಿಯ ಜಮಾಖರ್ಚು.

ಎರಡನೆಯವರು ಇದಕ್ಕೆ ಪೂರ್ಣ ವಿರುದ್ಧ. ಇವರು ಹಳೆಯ ಪಿಕಪ್ಪಿಗೆ ಲಕ್ಷಾಂತರ ರೂಪಾಯಿ ಸುರಿದು, ಹೊಳೆಯುವ ಬಣ್ಣ ಬಳಿಸಿ, ಹೊದಿಕೆ ಹೊದಿಸಿ, ಮದುವೆ ಮುಂಜಿಗಳಂದು ಅದರ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗಾಗಿ ವಿಶೇಷ ನಿಯಮಗಳನ್ನು ತಂದಿತು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಕಾಯ್ದುಕೊಂಡ, ವಾಣಿಜ್ಯೇತರ ವಾಹನಗಳಿಗೆ ಮಾತ್ರ ಅದು ಸಲ್ಲುತ್ತದೆ. ಅದರ ನೋಂದಣಿ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವಿಕೆ, ದುರಸ್ತಿ ಇಂಥವಕ್ಕಲ್ಲದೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ರಾಜಮಹಾರಾಜರ ಕಾರುಗಳಿಗೆ ಈ ನಿಯಮ ತಕ್ಕುದಾಗಿರಬಹುದು. ದುಡಿಯುವುದಕ್ಕಾಗಿಯೇ ಹುಟ್ಟಿದ ಪಿಕಪ್ಪನ್ನು ಪ್ರದರ್ಶನದ ಬೊಂಬೆಯಾಗಿಸುವುದು ಅದನ್ನು ಓಡಿಸಿದ ಹಿರಿಯರಿಗೆ ಮಾಡುವ ಗೌರವವೇ? ಚೀಲಗಳ ಉಜ್ಜಿನಿಂದ ನಯವಾದ ಅದರ ಮರದ ಹಲಗೆ ಅವರ ದುಡಿಮೆಗೆ ಸಾಕ್ಷಿ. ಆ ಹಲಗೆಯನ್ನು ಕಿತ್ತೊಗೆದು ಮಿರುಗುವ ತಗಡನ್ನು ಹೊಡೆಸುವವರು ಉಳಿಸಿಕೊಂಡದ್ದು ಏನನ್ನು?

ಮೂರನೆಯವರು ಧರ್ಮದ ಹೆಸರಿನಲ್ಲಿ ಆಕ್ಷೇಪಿಸುವವರು. ಶ್ರಾವಕನು ಬಿಡಬೇಕಾದ ಹದಿನೈದು ವೃತ್ತಿಗಳಲ್ಲಿ ಶಕಟಕರ್ಮ, ಭಾಟಕಕರ್ಮಗಳೂ ಇವೆ, ಗಾಡಿಯ ಮೇಲಿನ ಮಮತೆ ನಮಗೆ ತರವಲ್ಲ ಎಂದು ಇವರು ನುಡಿಯುತ್ತಾರೆ. ಆ ನಿಷೇಧ ಇರುವುದು ಗಾಡಿಗಳನ್ನು ಮಾಡಿ ಮಾರುವ, ಬಾಡಿಗೆಗೆ ಹೂಡುವ ಜೀವನೋಪಾಯಕ್ಕೆ. ಸ್ವಂತ ಸರಕಿಗಾಗಿ ಇರುವ ಒಂದೇ ವಾಹನವನ್ನು ಜತನದಿಂದ ಇಟ್ಟುಕೊಳ್ಳುವುದಕ್ಕೆ ಅದು ಅನ್ವಯಿಸದು. ವಸ್ತುವಿನಲ್ಲಿ ಪರಿಗ್ರಹವಿಲ್ಲ, ವಸ್ತುವಿನ ಮೇಲಿನ ಮೂರ್ಛೆಯಲ್ಲಿದೆ ಎಂಬುದನ್ನು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ಓದಿದ ಯಾರೂ ಬಲ್ಲರು. ಹಾಗೆ ನೋಡಿದರೆ ಐದು ವರ್ಷಕ್ಕೊಂದು ಹೊಸ ಗಾಡಿಗೆ ಹಂಬಲಿಸುವವನ ಮೂರ್ಛೆ ದೊಡ್ಡದೋ, ತಂದೆಯ ಗಾಡಿಯೇ ಸಾಕೆನ್ನುವವನದು ದೊಡ್ಡದೋ?

ಇದಕ್ಕಿಂತಲೂ ನೇರವಾದ ಮಾರ್ಗದರ್ಶನ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಪರಿಗ್ರಹ ಪರಿಮಾಣ ವ್ರತಕ್ಕೆ ಅಲ್ಲಿ ಐದು ಅತಿಚಾರಗಳನ್ನು ಹೇಳಿದೆ: ಮಿತಿಮೀರಿ ಓಡಿಸುವುದು, ಮಿತಿಮೀರಿ ಕೂಡಿಡುವುದು, ವಿಸ್ಮಯ, ಲೋಭ, ಮಿತಿಮೀರಿ ಹೊರಿಸುವುದು. ಎತ್ತು ಕುದುರೆಗಳ ಕಾಲದಲ್ಲಿ ರಚಿತವಾದ ಈ ಪಟ್ಟಿ ನಮ್ಮ ಮಿಲ್ಲಿನ ಅಂಗಳಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಮಿತಿಮೀರಿ ಓಡಿಸುವವರು, ಹೊರಿಸುವವರು ನಮ್ಮ ಹೆದ್ದಾರಿಯಲ್ಲಿದ್ದಾರೆ. ವಿಸ್ಮಯಕ್ಕಾಗಿ ಅಲಂಕರಿಸುವವರನ್ನು ಆಗಲೇ ಕಂಡೆವು. ನಿಲ್ಲಿಸಿ ಕೊಳೆಸುವವರು ಕೂಡಿಡುವವರ ಗುಂಪಿಗೆ ಸೇರುತ್ತಾರೆ. ಅದೇ ಗ್ರಂಥವು ಮಿತಿ ಹಾಕಿಕೊಳ್ಳಬೇಕಾದ ಭೋಗೋಪಭೋಗಗಳಲ್ಲಿ ವಾಹನವನ್ನೂ ಎಣಿಸಿದೆ. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ಅಂದಮೇಲೆ ತಂದೆಯ ವಾಹನವನ್ನು ಓಡಿಸುವುದರಲ್ಲಿ ದೊರಕುವ ಸಂತೋಷವನ್ನು ಪಾಪವೆಂದು ಮುಚ್ಚಿಡಬೇಕಾಗಿಲ್ಲ. ಅದಕ್ಕೊಂದು ಗಡಿ ಹಾಕಿದರೆ ಸಾಕು.

ನಿಲ್ಲಿಸಿ ಮರೆತ ವಾಹನವೇ ಎಲ್ಲಕ್ಕಿಂತ ಕೆಟ್ಟದ್ದೆಂದು ಹೇಳಿದೆನಷ್ಟೆ. ಅದರ ಕಾರಣ ಇಲ್ಲಿದೆ. ಬೇಳೆ ಮಿಲ್ಲಿನ ಅಂಗಳದಲ್ಲಿ ನುಚ್ಚು, ಹೊಟ್ಟು ಸದಾ ಇರುತ್ತವೆ. ಅದಕ್ಕೆ ಇಲಿಗಳು ಬರುತ್ತವೆ. ಎರಡು ತಿಂಗಳು ಅಲುಗದ ವಾಹನದ ಬಾನೆಟ್ಟಿನೊಳಗೆ ಇಲಿ ಮರಿ ಹಾಕುತ್ತದೆ, ಹಲ್ಲಿ ಮೊಟ್ಟೆಯಿಡುತ್ತದೆ, ಕಣಜ ಗೂಡು ಕಟ್ಟುತ್ತದೆ. ಒಂದು ದಿನ ಯಾರೋ ಬಂದು ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿದರೆ ಫ್ಯಾನಿನ ಬೆಲ್ಟಿಗೆ ಅವೆಲ್ಲವೂ ಬಲಿ. ವಾರಕ್ಕೊಮ್ಮೆ ಬಾನೆಟ್ ತೆರೆದು ನೋಡಿ ಓಡಿಸುವ ವಾಹನದಲ್ಲಿ ಗೂಡು ನಿಲ್ಲುವುದೇ ಇಲ್ಲ. ಮುನಿಗಳಿಗೆ ಹೇಳಿದ ಪ್ರತಿಲೇಖನದ ಎಚ್ಚರವು ಗೃಹಸ್ಥನ ಬಾನೆಟ್ಟಿಗೂ ಬೇಕು. ಯಂತ್ರದ ದೃಷ್ಟಿಯಿಂದಲೂ ನಿಲ್ಲುವುದು ನಾಶಕ್ಕೆ ದಾರಿ. ಬ್ಯಾಟರಿ ತಾನಾಗಿಯೇ ಸೋರುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿ ಸತ್ವಗೆಡುತ್ತದೆ. ಅರ್ಧ ತುಂಬಿದ ಟ್ಯಾಂಕಿನೊಳಗೆ ನೀರಿನ ಪಸೆ ಕಟ್ಟುತ್ತದೆ. ನಾಲ್ವತ್ತು ಡಿಗ್ರಿ ಮೀರುವ ನಮ್ಮ ಬೇಸಗೆಯಲ್ಲಿ ಟೈರು, ರಬ್ಬರು ನಳಿಕೆಗಳು ಬಿರಿಯುತ್ತವೆ. ಸೋರಿದ ಎಣ್ಣೆ ಮಣ್ಣಿಗಿಳಿದು ಅಲ್ಲಿಯ ಜೀವಗಳನ್ನು ಕೊಲ್ಲುತ್ತದೆ.

ನಮ್ಮ ಮನೆಯಲ್ಲಿ ತಂದೆಯವರ ಪಿಕಪ್ಪಿಗೆ ಕೆಲವು ನಿಯಮಗಳನ್ನು ಹಾಕಿಕೊಂಡಿದ್ದೇವೆ. ಕಪನೂರದಿಂದ ಕಮಲಾಪುರದ ಹೊಲದವರೆಗೆ ಅದರ ದಿಗ್ವ್ರತ, ಅದರಾಚೆಗೆ ಅದು ಹೋಗದು. ಸೂರ್ಯಾಸ್ತದ ನಂತರ ಓಡಿಸುವುದಿಲ್ಲ, ದೀಪಕ್ಕೆ ಮುತ್ತುವ ಕೀಟಗಳ ಹಿಂಸೆ ಅಷ್ಟರಮಟ್ಟಿಗೆ ತಪ್ಪುತ್ತದೆ. ನೋಂದಣಿ ಪತ್ರದಲ್ಲಿ ಕಾಣಿಸಿದ ತೂಕಕ್ಕಿಂತ ಒಂದು ಚೀಲವೂ ಹೆಚ್ಚಿಲ್ಲ. ಹಿಂಬದಿಯಲ್ಲಿ ಮನುಷ್ಯರನ್ನು ಕೂರಿಸುವುದಿಲ್ಲ, ಅದು ಯಾತ್ರೆಯೇ ಆಗಲಿ, ದಿಬ್ಬಣವೇ ಆಗಲಿ. ಓಡಿದ ಕಿಲೋಮೀಟರು ಕಡಿಮೆಯಾದರೂ ವರ್ಷಕ್ಕೊಮ್ಮೆ ಎಂಜಿನ್ ಎಣ್ಣೆ, ಎರಡು ವರ್ಷಕ್ಕೊಮ್ಮೆ ಬ್ರೇಕಿನ ದ್ರವ ಬದಲಾಗುತ್ತದೆ. ಬರುವಾಗ ಕಮಲಾಪುರದ ಕೆಂಬಾಳೆಯ ಗೊನೆಯೊಂದನ್ನು ತರುವುದೂ, ಗೇರು ಬದಲಿಸುವ ಪರಿಯನ್ನು ಮೊಮ್ಮಗ ಪಕ್ಕದಲ್ಲಿ ಕುಳಿತು ನೋಡುವುದೂ ನಮ್ಮ ಉಪಭೋಗ. ಚಾಸಿ ತುಕ್ಕು ಹಿಡಿದು ಯೋಗ್ಯತಾ ಪರೀಕ್ಷೆಯಲ್ಲಿ ಸೋತ ದಿನ ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಬೇಕೆಂದೂ ಬರೆದಿಟ್ಟಿದ್ದೇವೆ. ಬಿಡುವ ದಿನವನ್ನು ನಿಶ್ಚಯಿಸದ ರಕ್ಷಣೆಯೇ ಮೂರ್ಛೆ.

ವಾರಸುದಾರರು ಕಾಗದಪತ್ರಗಳ ವಿಷಯದಲ್ಲಿಯೂ ಉದಾಸೀನರಾಗಬಾರದು. ಮಾಲೀಕರು ತೀರಿಕೊಂಡ ಮೂವತ್ತು ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದರೆ ಮೂರು ತಿಂಗಳವರೆಗೆ ವಾಹನವನ್ನು ಬಳಸಬಹುದು. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಅಣ್ಣತಮ್ಮಂದಿರಲ್ಲಿ ಒಬ್ಬರ ಹೆಸರಿಗೆ ಅದು ಸೇರಲಿ. ಎಲ್ಲರದೂ ಆದ ವಾಹನದ ಟೈರಿಗೆ ಗಾಳಿ ಹಾಕುವವರು ಯಾರೂ ಇರುವುದಿಲ್ಲ. ಸತ್ತವರ ಹೆಸರಿನಲ್ಲಿಯೇ ವಾಹನ ಓಡಿಸುತ್ತ ಅಪಘಾತವಾದರೆ ಗಾಯಗೊಂಡ ಬಡವನಿಗೆ ವಿಮೆಯ ಪರಿಹಾರ ದೊರಕುವುದು ಕಷ್ಟವಾದೀತು. ಅದರ ಪಾಪಕ್ಕೆ ನಾವು ಹೊಣೆ.

ಕೊನೆಯದಾಗಿ ಬಸದಿಗಳ ಟ್ರಸ್ಟಿನ ಮಹನೀಯರಲ್ಲಿ ಒಂದು ವಿನಂತಿ. ಓಡದ ವಾಹನವನ್ನು ದಾನವೆಂದು ತಂದು ಬಸದಿಯ ಆವರಣದಲ್ಲಿ ನಿಲ್ಲಿಸಿ ಹೋಗುವ ದಾನಿಗಳಿಗೆ ಕೈಮುಗಿದು ಬೇಡವೆನ್ನಿರಿ. ತೆರಿಗೆ, ವಿಮೆ, ದುರಸ್ತಿಗಳ ಭಾರವನ್ನು ದೇವರ ಮೇಲೆ ಹೊರಿಸುವುದು ದಾನವಲ್ಲ. ಅದರ ಬದಲಾಗಿ, ವಾಹನ ನಿಮ್ಮದೇ ಇರಲಿ, ಖರ್ಚೂ ನಿಮ್ಮದೇ ಇರಲಿ, ತಿಂಗಳಿಗೆ ಎರಡು ದಿನ ಅದರ ಸೇವೆ ಕೊಡಿ ಎಂದು ಕೇಳಿರಿ. ಚಾತುರ್ಮಾಸದ ಸಾಮಗ್ರಿ, ಗೋಶಾಲೆಯ ಮೇವು, ಪಾಠಶಾಲೆಯ ಪುಸ್ತಕಗಳು ಯಾವುದಾದರೂ ಒಂದು ಮನೆಯ ಹಿರಿಯರ ಪಿಕಪ್ಪಿನಲ್ಲಿ ಬರಲಿ. ಈ ಸಂಚಿಕೆ ಕೈಸೇರಿದ ವಾರವೇ ಪ್ರತಿಯೊಬ್ಬ ಗೃಹಸ್ಥನೂ ತನ್ನ ಅಂಗಳಕ್ಕೆ ಹೋಗಿ, ನಿಂತ ವಾಹನದ ಬಾನೆಟ್ಟನ್ನು ಮೆಲ್ಲಗೆ ತೆರೆದು ನೋಡಲಿ. ಗೂಡಿದ್ದರೆ ಮರಿಗಳು ತಾವಾಗಿ ಹೋಗುವವರೆಗೆ ಕಾಯಲಿ. ಆಮೇಲೆ ಓಡಿಸುವುದೋ, ಬಿಟ್ಟುಕೊಡುವುದೋ ಒಂದನ್ನು ನಿರ್ಧರಿಸಲಿ.